ಪ್ರಾಸ ತಪ್ಪಿದ ಅಬೂ ಶಿಬ್ಲ್

ಪ್ರಾಸವಿಲ್ಲದೆ ಬಾಯಿ ಬಿಡುವುದು ಬಸ್ರಾದ ಅಬೂ ಶಿಬ್ಲನ ಜಾಯಮಾನದಲ್ಲೇ ಇರಲಿಲ್ಲ. ಮೀನಿನಂಗಡಿಯಲ್ಲಿ ಚೌಕಾಸಿಗೆ ನಿಂತರೂ "ಇದು ಹೊಳೆಯಿಂದ ಬಂತೋ, ಗೋರಿಯಿಂದ ಎದ್ದು ನಿಂತೋ?" ಎಂದೇ ಕೇಳುವ ಆಸಾಮಿ. ತೇಪೆಯ ಮೇಲೆ ತೇಪೆ ಬಿದ್ದ ನಿಲುವಂಗಿಯನ್ನು ರಾಜಗಾಂಭೀರ್ಯದಿಂದ ಕೊಡವಿ, ಸಂಜೆಯ ನಮಾಜಿಗೆ ಮುಂಚೆ ಮಸೀದಿಯ ಕಂಬಕ್ಕೊರಗಿದನೆಂದರೆ ಪೇಟೆಗೆ ಪೇಟೆಯೇ ಕಿವಿಯಾಗುತ್ತಿತ್ತು. ಅವನು ಹೇಳುತ್ತಿದ್ದುದು ಮಕಾಮಾಗಳನ್ನು: ವೇಷ ಮರೆಸಿಕೊಂಡು ಬಂದ ಠಕ್ಕನೊಬ್ಬ ಪ್ರಾಸಬದ್ಧ ಗದ್ಯದಲ್ಲಿ ಗೋಳಾಡಿ, ಜನರ ಕಣ್ಣೀರನ್ನೂ ಕಾಸನ್ನೂ ಸೆಳೆದು, ಕಡೆಗೆ ಗುರುತು ಸಿಕ್ಕಾಗ ಒಂದು ಪದ್ಯ ಒಗೆದು ಪರಾರಿಯಾಗುವ ಕಥೆಗಳು. ಠಕ್ಕನ ಪಾತ್ರವನ್ನು ತಾನೇ ಆಡುತ್ತಿದ್ದ, ಅದೂ ಕಥೆ ಆರಂಭವಾಯಿತೆಂದು ಯಾರಿಗೂ ಹೇಳದೆ.

ಮಸೀದಿಯ ಮಗ್ಗುಲಲ್ಲೇ ಮದ್ದಿನಂಗಡಿ ಇಟ್ಟಿದ್ದ ಹಕೀಮ ಮುಹಲ್ಲಬನಿಗೆ ಇದರ ಬಿಸಿ ತಟ್ಟಿತ್ತು. ಕುರುಡನ ವೇಷದಲ್ಲಿ ತಡವರಿಸಿ ಬಂದ ಅಬೂ ಶಿಬ್ಲನ ಕಣ್ಣಿಗೆ ಅವನೊಮ್ಮೆ ಮರುಗಿ ಮರುಗಿ ಅಂಜನ ಹಚ್ಚಿದ್ದ. ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಇನ್ನು ಈ ಬಡ್ಡಿಮಗನ ಮಾತಿಗೆ ಸೋತರೆ ಕೇಳಿ ಎಂದು ಹಕೀಮ ಆಣೆಯಿಟ್ಟಿದ್ದ.

ಆ ಶುಕ್ರವಾರ ಅಬೂ ಶಿಬ್ಲ್ ಬರಿಗಾಲಲ್ಲಿ ಮದ್ದಿನಂಗಡಿಗೆ ಓಡಿಬಂದು ಹಕೀಮನ ತೋಳು ಹಿಡಿದ.

"ಹಕೀಮ್ರೇ, ನನ್ ಮಗಳು ರುಬಾಬ್... ಗಂಟ್ಲು ಕಟ್ಟಿದೆ. ಉಸಿರಾಡಕ್ಕಾಗ್ತಿಲ್ಲ. ಬನ್ನಿ."

ಪ್ರಾಸವೇ ಇಲ್ಲ! ಜನ ಚಪ್ಪಾಳೆ ತಟ್ಟಿದರು.

"ಈ ಸಲ ಹೊಸಾ ವರಸೆ ಕಣ್ರೋ!"

"ಮಗು ಸಾಯ್ತಿದೆ ಕಣ್ರಪ್ಪಾ!" ಎಂದು ಅಬೂ ಶಿಬ್ಲ್ ಅಂಗಲಾಚಿದ.

"ಪದ್ಯ ಯಾವಾಗಯ್ಯಾ?" ಎಂದು ಬುಟ್ಟಿ ಹೆಣೆಯುವ ಕೈಸಾನ ಕಿಚಾಯಿಸಿದ.

ಮುಹಲ್ಲಬನ ಕೈ ಮದ್ದು-ಚೂರಿಗಳ ಚೀಲದತ್ತ ಹೋಯಿತು. ನಿಜವಾಗಿದ್ದರೆ? ಆದರೆ ಹಳೆಯ ಅವಮಾನ ಗಟ್ಟಿಯಾಗಿ ಕೂತಿತ್ತು. "ಒಂದ್ಸಲ ಬೆಪ್ಪಾಗಿದ್ದು ಸಾಕು. ನಡಿ ಅತ್ಲಾಗೆ," ಎಂದು ಮುಖ ತಿರುಗಿಸಿದ.

ಅಬೂ ಶಿಬ್ಲ್ ಗಲ್ಲಾಪೆಟ್ಟಿಗೆಯ ಮೇಲಿದ್ದ ಹಕೀಮನ ಚರ್ಮದ ಚೀಲವನ್ನು ಗಬಕ್ಕನೆ ಕಿತ್ತುಕೊಂಡವನೇ ಓಟಕಿತ್ತ.

"ಕಳ್ಳ! ಹಿಡೀರೋ ಅವ್ನನ್ನ!" ಹಕೀಮ ಏದುಸಿರು ಬಿಡುತ್ತ, ಪೇಟ ಜಾರಿದರೂ ನಿಲ್ಲದೆ, ಕಾಲುವೆ ದಾಟಿ, ಖರ್ಜೂರದ ಮಂಡಿ ದಾಟಿ ಬೆನ್ನಟ್ಟಿದ. ಗುಡಿಸಲೊಂದರ ಹೊಸ್ತಿಲಲ್ಲಿ ಅವನ ಕುತ್ತಿಗೆಪಟ್ಟಿ ಹಿಡಿದು ಬಾರಿಸಲು ಕೈಯೆತ್ತಿದಾಗ, ಒಳಗಿನಿಂದ ಗೊರಗೊರ ಸದ್ದು ಕೇಳಿಸಿತು. ಚಾಪೆಯ ಮೇಲೆ ಹುಡುಗಿ ನೀಲಿಗಟ್ಟುತ್ತಿದ್ದಳು.

ಹಕೀಮ ಚೀಲ ಕಸಿದುಕೊಂಡು ಮಂಡಿಯೂರಿದ. ಗಂಟಲೊಳಗಿನ ಬಾವು ಕೊಯ್ದು ಕೀವು ತೆಗೆದ. ರುಬಾಬ್ ಕೆಮ್ಮಿ, ಉಸಿರೆಳೆದು, ಕಿಟಾರನೆ ಚೀರಿದಳು.

"ನಿಜ ಅಂತ ಮೊದ್ಲೇ ಯಾಕೋ ಹೇಳ್ಲಿಲ್ಲ, ಪಾಪಿ?" ಎಂದು ಗದರಿದ ಹಕೀಮ, ಅವನು ಹೇಳಿಯೇ ಇದ್ದನಲ್ಲ ಎಂಬುದು ನೆನಪಾಗಿ ತಲೆ ತಗ್ಗಿಸಿದ.

ನಾಲಗೆಯನ್ನೇ ನೆಚ್ಚಿ ಬಾಳುವವರ ಪಾಡು ಇಷ್ಟೇ. ಕಂಡವರ ಅಳಲನ್ನು ಆಡಿ ತೋರಿಸಿ ಊರನ್ನೇ ಅಳಿಸಬಲ್ಲ ಈ ಜನ, ತಮ್ಮ ಮನೆಯಲ್ಲೇ ಸಾವು ಬಂದು ಕೂತ ದಿನ ನಂಬುವವರಿಲ್ಲದೆ ಬೀದಿಯಲ್ಲಿ ಒಂಟಿಯಾಗಿ ನಿಲ್ಲುತ್ತಾರೆ.