ಮುಗಿಯದ ಪೆಪ್ಪರ್‌ಮಿಂಟ್

ಹಡಗು ಲಿವರ್‌ಪೂಲಿನ ಕಟ್ಟೆ ಬಿಡುವುದಕ್ಕೆ ಇನ್ನೂ ಹೊತ್ತಿತ್ತು. ಕೋಣೆಯಲ್ಲಿದ್ದ ಎರಡು ಮಂಚಗಳಲ್ಲಿ ಕಿಟಕಿಯ ಪಕ್ಕದ್ದನ್ನು ನೆಸ್ಟಾ ಕೇಳದೆಯೇ ಡಿಲಿಸ್‌ಗೆ ಬಿಟ್ಟುಕೊಟ್ಟಿದ್ದಳು. ಈಗ ಅವಳು ತನ್ನ ಮಂಚದ ಮೇಲೆ ಚಪ್ಪಲಿ ಕಳಚಿ ಕೂತು, ದಿಂಬಿನ ಹತ್ತಿರ ಇಟ್ಟಿದ್ದ ಬಣ್ಣದ ಕಾಗದವೊಂದನ್ನು ಮೂಗಿಗೆ ಹಿಡಿದು ಓದುತ್ತಿದ್ದಳು.

ಈ ಯಾತ್ರೆಯ ಚೀಟಿ ಕೊಂಡವನು ಎಮ್ಲಿನ್. ಮದುವೆಯ ಐವತ್ತನೆಯ ವರ್ಷಕ್ಕೆ ಹೆಂಡತಿಗೆ ನಾರ್ವೆಯ ಬೆಟ್ಟದ ನಡುವಿನ ನೀರನ್ನು ತೋರಿಸಬೇಕೆಂದು ಅವನಿಗೆ ಬಹಳ ಆಸೆಯಿತ್ತು. ಚಳಿಗಾಲ ಮುಗಿಯುವ ಮೊದಲೇ ದೇವರು ಅವನನ್ನು ಕರೆದುಕೊಂಡ. ಚೀಟಿ ಹಿಂದಕ್ಕೆ ಕೊಡೋಣವೆಂದು ಡಿಲಿಸ್ ಹೇಳಿದಾಗ ಅವನ ತಂಗಿ ನೆಸ್ಟಾ, ಅಣ್ಣ ಕೊಂಡದ್ದನ್ನು ಹಾಳುಮಾಡುವುದು ಬೇಡ, ಅವನ ಮಂಚದಲ್ಲಿ ನಾನು ಮಲಗುತ್ತೇನೆ, ಗೊರಕೆಯಲ್ಲಿ ನಿನಗೆ ಹೆಚ್ಚು ವ್ಯತ್ಯಾಸವೂ ಗೊತ್ತಾಗದು ಎಂದಿದ್ದಳು. ಹಾಗೆ ಇಬ್ಬರು ವಿಧವೆಯರು ವೇಲ್ಸಿನ ಬಾಲಾ ಕಡೆಯ ತಮ್ಮ ಹಳ್ಳಿಯಿಂದ ಹೊರಟು ಬಂದಿದ್ದರು.

"ಡಿಲಿಸ್, ಇಲ್ಲೊಂದು ತಕರಾರಿದೆ ಕಣೇ," ಎಂದಳು ನೆಸ್ಟಾ.

"ಏನದು?"

"ನಾನು ಕುಡೀಬೇಕು ಅಂದ್ರೆ ನೀನೂ ಕುಡೀಬೇಕಂತೆ."

ಕಾಗದದಲ್ಲಿದ್ದದ್ದು ಪಾನೀಯದ ಪ್ಯಾಕೇಜಿನ ವಿಷಯ. ದಿನಕ್ಕೆ ಇಷ್ಟೆಂದು ಮೊದಲೇ ಕಟ್ಟಿಬಿಟ್ಟರೆ ಯಾತ್ರೆ ಮುಗಿಯುವವರೆಗೆ ಜಿನ್ನು, ವೈನು, ಬಿಯರು, ಹಣ್ಣಿನ ರಸ, ಯಾವುದನ್ನು ಕೇಳಿದರೂ ತಂದುಕೊಡುತ್ತಾರೆ. ಹಡಗು ಹೊರಡುವುದರೊಳಗೆ ಕೊಂಡವರಿಗೆ ಬೆಲೆಯಲ್ಲಿ ರಿಯಾಯಿತಿ ಬೇರೆ. ಆದರೆ ಒಂದು ಕೋಣೆಯಲ್ಲಿ ಇಬ್ಬರು ದೊಡ್ಡವರಿದ್ದರೆ ಇಬ್ಬರೂ ಕೊಳ್ಳಬೇಕು. ಒಬ್ಬರು ಕೊಂಡು ಇಬ್ಬರೂ ಕದ್ದು ಕುಡಿಯಬಾರದೆಂದು ಹಡಗಿನವರು ಮಾಡಿಕೊಂಡ ಕಟ್ಟಳೆ ಅದು. ಡಿಲಿಸ್‌ಳಂಥವರು ಹಡಗು ಹತ್ತಬಹುದೆಂಬುದು ಅವರಿಗೆ ಹೊಳೆದಿರಲಿಲ್ಲ.

ಡಿಲಿಸ್ ಮದ್ಯ ಮುಟ್ಟಿದವಳಲ್ಲ. ಎಳವೆಯಲ್ಲಿ ಊರಿನ ಹೋರೇಬ್ ಚಾಪೆಲ್ಲಿನ ಪಕ್ಕದ ಕೋಣೆಯಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಪಾದ್ರಿಯ ಹೆಂಡತಿ ಪ್ರತಿಜ್ಞೆ ಹೇಳಿಸುತ್ತಿದ್ದಳು. ಮತ್ತೇರಿಸುವ ಯಾವುದನ್ನೂ ನಾನು ಕುಡಿಯೆನು, ಕೊಡೆನು, ಕೊಡಿಸೆನು. ಆ ಸಾಲಿನಲ್ಲಿ ನೆಸ್ಟಾಳೂ ನಿಂತಿದ್ದಳು. ಆದರೆ ಆಗ ತನ್ನ ಕಣ್ಣೆಲ್ಲ ಮೇಜಿನ ಮೇಲಿದ್ದ ಬಿಸ್ಕತ್ತಿನ ಮೇಲಿತ್ತೆಂದೂ, ತಾನು ಮಾತು ಕೊಟ್ಟದ್ದು ಬಿಸ್ಕತ್ತಿಗೇ ಹೊರತು ದೇವರಿಗಲ್ಲವೆಂದೂ ಅವಳು ಇಂದಿಗೂ ವಾದಿಸುತ್ತಾಳೆ. ಡಿಲಿಸ್ ಹೇಳಿದ್ದು ದೇವರಿಗೆ.

"ದುಡ್ಡು ನಂದು," ಎಂದಳು ನೆಸ್ಟಾ. "ನಿನ್ನ ಹೆಸರಲ್ಲಿ ಬರೋದನ್ನ ನೀನು ಮುಟ್ಟಲೇಬೇಡ. ಕಿತ್ತಳೆ ರಸ ಕುಡ್ಕೊಂಡಿರು. ಕುಡಿಯೆನು ಅನ್ನೋದೂ ಉಳೀತು, ಕೊಡಿಸೆನು ಅನ್ನೋದೂ ಉಳೀತು."

"ನನ್ನ ಹೆಸರಲ್ಲಿ ಹೆಂಡ ಕೊಂಡ ಹಾಗಾಯ್ತಲ್ಲ."

"ಹೆಸರು ತಾನೇ. ಹೊಟ್ಟೆ ಅಲ್ಲವಲ್ಲ."

"ನನ್ನ ಪಾಲಿಂದೂ ನೀನೇ ಕುಡಿದು ಮುಗಿಸ್ತೀಯ. ನಿನ್ನನ್ನ ನಾನು ಕಾಣೆನಾ?"

ನೆಸ್ಟಾ ಕಾಗದವನ್ನು ಮತ್ತೆ ಮೂಗಿಗೆ ಹಿಡಿದಳು. ಅವಳು ಮದುವೆಯಾಗಿ ಹೋಗಿದ್ದು ಕಾರ್ಡಿಗನ್ ಸೀಮೆಗೆ. ಕಾರ್ಡಿಗಳೆಂದು ಕರೆಸಿಕೊಳ್ಳುವ ಅಲ್ಲಿಯವರ ಕೈಬಿಗಿಯನ್ನು ವೇಲ್ಸಿನಲ್ಲೆಲ್ಲ ಆಡಿಕೊಂಡು ನಗುತ್ತಾರೆ. ಹುಟ್ಟಾ ಕಾರ್ಡಿಗಳು ಖರ್ಚಿಗೆ ಹೆದರುತ್ತಾರಷ್ಟೆ. ಮದುವೆಯಿಂದ ಕಾರ್ಡಿಯಾದ ನೆಸ್ಟಾಳಿಗೆ ಖರ್ಚಿನ ಹೆದರಿಕೆಯಿರಲಿಲ್ಲ, ಖರ್ಚು ಮಾಡಿದ್ದನ್ನು ಬಿಟ್ಟುಬರುವುದು ಮಾತ್ರ ಆಗದು. ಒಮ್ಮೆ ಲ್ಯಾಂಡಡ್ನೋದ ಹೋಟೆಲಿನಲ್ಲಿ ಬೆಳಗಿನ ತಿಂಡಿಗೆ ದುಡ್ಡು ಕಟ್ಟಿಯಾಗಿದೆಯೆಂದು ಬೆಂದ ಮೊಟ್ಟೆಗಳನ್ನು ಕೈಚೀಲಕ್ಕೆ ತುಂಬಿಕೊಂಡಿದ್ದಳು. ಬಸ್ಸಿನಲ್ಲಿ ಯಾರೋ ಅದರ ಮೇಲೆ ಕೂತದ್ದರಿಂದ ಊರು ಸೇರುವವರೆಗೆ ಎಲ್ಲರೂ ಮೂಗು ಮುಚ್ಚಿಕೊಂಡಿದ್ದರು. ಅಂಥವಳ ಕೈಗೆ ಎರಡು ಪ್ಯಾಕೇಜ್ ಕೊಟ್ಟರೆ ನಾರ್ವೆಯಿಂದ ಅವಳನ್ನು ಹೊತ್ತುಕೊಂಡೇ ಬರಬೇಕಾದೀತು.

ಆದರೆ ಡಿಲಿಸ್‌ಳ ಮನಸ್ಸನ್ನು ಕೊರೆಯುತ್ತಿದ್ದುದು ಬೇರೆ. ಎಮ್ಲಿನ್ ಹೋದ ಮೇಲೆ ಊರಿನವರು ಅವಳ ಮುಂದೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ನೆಸ್ಟಾ ಒಬ್ಬಳೇ ಅವನನ್ನು ಬೈದುಕೊಂಡು, ಅಣಕಿಸಿಕೊಂಡು, ಹಿತ್ತಲಿಗೆ ಹೋದವನು ಈಗ ಒಳಗೆ ಬರುತ್ತಾನೇನೋ ಎಂಬಂತೆ ಮಾತಾಡುತ್ತಿದ್ದಳು. ಆ ಮಾತು ಅವಳ ಬಾಯಿಂದ ಬರುತ್ತಿದ್ದುದು ಸಂಜೆ, ಕೈಯಲ್ಲಿ ಒಂದು ಲೋಟವಿದ್ದಾಗ. ಡಿಲಿಸ್ ಈ ಹಡಗು ಹತ್ತಿದ್ದು ಬೆಟ್ಟ ನೋಡಲಿಕ್ಕಲ್ಲ, ಆ ಸಂಜೆಗಳಿಗಾಗಿ. ತನ್ನಿಂದಾಗಿ ನೆಸ್ಟಾ ಮುಖ ಊದಿಸಿಕೊಂಡು ಬಾಯಿ ಕಟ್ಟಿ ಕೂತರೆ, ಇಲ್ಲವೇ ಬೇರೆ ಜೊತೆ ಹುಡುಕಿಕೊಂಡು ಹೋದರೆ, ಎಮ್ಲಿನ್ ಇನ್ನೊಮ್ಮೆ ಹೋದಂತೆಯೇ. ಹಾಗೆಂದು ದೇವರಿಗೆ ಕೊಟ್ಟ ಮಾತನ್ನು ಈ ವಯಸ್ಸಿನಲ್ಲಿ ಬಗ್ಗಿಸುವುದೆಂತು?

ಹೋಗಿ ಕೇಳಿಯಾದರೂ ನೋಡೋಣವೆಂದು ಇಬ್ಬರೂ ಹಡಗಿನ ವಿಚಾರಣೆಯ ಮೇಜಿನ ಬಳಿಗೆ ಇಳಿದರು. ಅಲ್ಲಿದ್ದವಳು ಫಿಲಿಪೀನ್ಸಿನ ಮಾರಿಸೆಲ್ ಎಂಬ ನಗುಮುಖದ ಹೆಂಗಸು. ಕಟ್ಟಳೆಯೇನೋ ಇದೆ, ಆದರೆ ಕುಡಿಯದೆ ಇರಲು ಕಾರಣವಿದ್ದರೆ ಹೇಳಿ, ನೋಡೋಣ ಎಂದಳು.

"ಮೂತ್ರಪಿಂಡ ಅನ್ನು," ಎಂದು ನೆಸ್ಟಾ ವೆಲ್ಷ್ ಮಾತಿನಲ್ಲಿ ಪಿಸುಗುಟ್ಟಿದಳು.

"ನನ್ನ ಮೂತ್ರಪಿಂಡ ಚೆನ್ನಾಗೇ ಇದೆ. ದೇವರು ಕೊಟ್ಟಿದ್ದರ ಮೇಲೆ ಸುಳ್ಳು ದೂರು ಹೇಳಲಾ?" ಎಂದಳು ಡಿಲಿಸ್. ಮತ್ತೆ ಮೇಜಿನ ಕಡೆಗೆ ತಿರುಗಿ, ಹುಟ್ಟಿದಾಗಿನಿಂದ ಇಂಥ ಪ್ರಶ್ನೆಗೆ ಕೊಡುತ್ತ ಬಂದ ಉತ್ತರವನ್ನೇ ಇಂಗ್ಲಿಷಿನಲ್ಲಿ ಕೊಟ್ಟಳು: "ನಾನು ಚಾಪೆಲ್."

ಅವರ ಊರಿನಲ್ಲಿ ಅಷ್ಟು ಹೇಳಿದರೆ ಸಾಕು. ಮನುಷ್ಯರು ಚರ್ಚಿನವರಿರಬೇಕು, ಇಲ್ಲವೇ ಅದರಿಂದ ಬೇರೆಯಾಗಿ ಕಟ್ಟುನಿಟ್ಟಾಗಿ ನಡೆಯುವ ಚಾಪೆಲ್ಲಿನವರಿರಬೇಕು. ಚಾಪೆಲ್ ಎಂದವರ ಮುಂದೆ ಯಾರೂ ಗ್ಲಾಸು ಇಡುವುದಿಲ್ಲ.

ಮಾರಿಸೆಲ್‌ಳ ಮುಖ ಇನ್ನಷ್ಟು ಅರಳಿತು. "ಚಾಪೆಲ್ಲಾ ಮೇಡಂ? ಮೇಲಿನ ಅಂತಸ್ತಿನಲ್ಲಿದೆ. ಈಜುಕೊಳ ದಾಟಿ ಎಡಕ್ಕೆ ಹೋಗಿ. ಈಗ ತೆಗೆದೇ ಇರುತ್ತೆ."

ಇಬ್ಬರೂ ಕೃತಜ್ಞತೆ ಹೇಳಿ ಹೊರಟರು. ಲಿಫ್ಟಿನಲ್ಲಿ ನೆಸ್ಟಾ, ಎಷ್ಟಾದರೂ ದೊಡ್ಡ ಹಡಗು, ಚಾಪೆಲ್‌ನವರಿಗೆಂದೇ ವಿಚಾರಣೆಗೆ ಬೇರೆ ಕಿಟಕಿ ಇಟ್ಟಿದ್ದಾರೆ ನೋಡು ಎಂದು ಮೆಚ್ಚಿಕೊಂಡಳು. ಡಿಲಿಸ್‌ಗೂ ಮನಸ್ಸು ಹಗುರಾಯಿತು.

ಈಜುಕೊಳ ದಾಟಿ ಎಡಕ್ಕೆ ತಿರುಗಿ ಬಾಗಿಲು ತೆಗೆದರೆ ಒಳಗೆ ಕಿಟಕಿಯೂ ಇಲ್ಲ, ಗುಮಾಸ್ತನೂ ಇಲ್ಲ. ಹಡಗಿನಲ್ಲಿ ಮದುವೆಯಾಗುವವರಿಗಾಗಿ ಮಾಡಿದ ಪುಟ್ಟ ಕೋಣೆ ಅದು, ಹಡಗಿನವರ ಬಾಯಲ್ಲಿ ಚಾಪೆಲ್ ಎಂದರೆ ಇದೇ. ಬಿಳಿಯ ಕುರ್ಚಿಗಳ ಬೆನ್ನಿಗೆ ಬಿಳಿಯ ರಿಬ್ಬನ್ನು, ಎದುರಿಗೆ ಬಟ್ಟೆಯ ಹೂವಿನ ಕಮಾನು. ನೆಸ್ಟಾಳಿಗೆ ಆಗ ಅರ್ಥವಾಯಿತು. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡು ನಕ್ಕಳು, ಕೂತು ನಕ್ಕಳು, ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು.

"ನಿನಗೆ ಮದುವೆ ಮಾಡೋಕೆ ಕಳಿಸಿದಾಳೆ ಕಣೇ. ಗಂಡು ಎಲ್ಲಿ ಅಂತ ಕೇಳ್ಕೊಂಡು ಬರಲಾ?"

ಡಿಲಿಸ್ ನಗುತ್ತಲೇ ಅವಳ ಪಕ್ಕದಲ್ಲಿ ಕೂತಳು. ಕೂತೊಡನೆ ಕೈ ತಾನಾಗಿ ಚೀಲದೊಳಗೆ ಹೋಗಿ ಪೆಪ್ಪರ್‌ಮಿಂಟಿನ ಪೊಟ್ಟಣ ತೆಗೆಯಿತು. ಹೋರೇಬಿನಲ್ಲಿ ಉಪದೇಶ ಶುರುವಾಗುವಾಗ ಬೆಂಚಿನ ಈ ತುದಿಯಿಂದ ಆ ತುದಿಗೆ ಪೆಪ್ಪರ್‌ಮಿಂಟ್ ದಾಟಿಸುವುದು ವಾಡಿಕೆ. ಅದು ಬಾಯಲ್ಲಿ ಕರಗುವವರೆಗೆ ಪಾದ್ರಿ ಎಷ್ಟು ಮಾತಾಡಿದರೂ ಸಹಿಸಬಹುದು. ನೆಸ್ಟಾ ನೋಡದೆಯೇ ಕೈ ಚಾಚಿ ಒಂದು ತೆಗೆದುಕೊಂಡಳು.

ಹೋರೇಬ್ ಈಗಿಲ್ಲ. ಜನ ಕಡಿಮೆಯಾಗಿ, ಮಾಡು ಸೋರಿ, ಕಳೆದ ಶರತ್ಕಾಲದಲ್ಲಿ ಬಾಗಿಲು ಹಾಕಿದರು. ಎಮ್ಲಿನ್‌ನನ್ನು ಕಳಿಸಿಕೊಟ್ಟದ್ದು ಪಟ್ಟಣದ ಚಿತಾಗಾರದ ಹಜಾರದಿಂದ. ಅಲ್ಲಿ ಕೀರ್ತನೆ ಯಂತ್ರದಿಂದ ಬಂತು. ಊರಿನ ಮಂದ್ರದ ಬಾಸ್ ದನಿಯೆಂದು ಹೆಸರಾಗಿದ್ದವನಿಗೆ ಹಾಡುವವರಿಲ್ಲದೆ ಹೋಯಿತು. ಅದನ್ನು ಡಿಲಿಸ್ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಪೆಪ್ಪರ್‌ಮಿಂಟ್ ಕರಗಿದ ಮೇಲೆ ಅವಳು ಮೆಲ್ಲಗೆ ದನಿ ತೆಗೆದಳು. ಎಮ್ಲಿನ್‌ಗೆ ಇಷ್ಟವಾಗಿದ್ದ ಹಳೆಯ ಕೀರ್ತನೆ. ನೆಸ್ಟಾ ಎರಡನೆಯ ಸಾಲಿಗೆ ಕೆಳದನಿಯಲ್ಲಿ ಸೇರಿಕೊಂಡಳು. ಪಲ್ಲವಿಯ ನಡುವೆ ಉಳಿದವರೆಲ್ಲ ನಿಲ್ಲಿಸಿ ಬಾಸಿನವರು ಮಾತ್ರ ಇಳಿದು ಹೋಗುವ ಜಾಗವೊಂದಿದೆ. ಅಲ್ಲಿಗೆ ಬಂದಾಗ ಇಬ್ಬರೂ ನಿಂತರು. ಅವನ ಸಾಲು ಮುಗಿಯುವಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಒಟ್ಟಿಗೆ ಎತ್ತಿಕೊಂಡರು.

ಹಾಡು ಮುಗಿದ ಮೇಲೆ ಡಿಲಿಸ್ ಕೈಯಲ್ಲಿದ್ದ ಪೊಟ್ಟಣವನ್ನು ನೋಡುತ್ತ ಕೂತಳು. ಎಮ್ಲಿನ್ ಪ್ರತಿಜ್ಞೆ ಮಾಡಿದವನಲ್ಲ. ನೆಸ್ಟಾಳ ಗಂಡ ತೀರಿ ಅವಳು ಊರಿಗೆ ಮರಳಿದ ಮೇಲೆ, ಶನಿವಾರ ಮಧ್ಯಾಹ್ನ ರಗ್ಬಿ ನೋಡಲೆಂದು ಅವನು ಸೇತುವೆ ದಾಟಿ ತಂಗಿಯ ಮನೆಗೆ ಹೋಗುತ್ತಿದ್ದ. ಬರುವಾಗ ಅವನ ಉಸಿರಿನಲ್ಲಿ ಪೆಪ್ಪರ್‌ಮಿಂಟಿನ ಘಾಟು ಅಡುಗೆಮನೆಯನ್ನೆಲ್ಲ ತುಂಬುತ್ತಿತ್ತು. ಡಿಲಿಸ್ ಏನೂ ಕೇಳುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಅವನ ಕೋಟಿನ ಜೇಬಿನಲ್ಲಿದ್ದ ಪೊಟ್ಟಣಕ್ಕೆ ಒಂದಿಷ್ಟು ತುಂಬಿಸಿ ಇಡುವವಳೂ ಅವಳೇ ಆಗಿದ್ದಳು. ದಾರಿಯಲ್ಲಿ ಪಾದ್ರಿ ಸಿಕ್ಕರೆ ಮದ್ಯದ ವಾಸನೆ ಬಂದು ಗಂಡನಿಗೆ ಅವಮಾನವಾಗಬಾರದಲ್ಲ. ಅದು ಪಾಪವೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಕುಡಿಯೆನು, ಕೊಡೆನು, ಕೊಡಿಸೆನು. ಅಲ್ಲಿಗೆ ಪ್ರತಿಜ್ಞೆ ಮುಗಿಯುತ್ತದೆ. ತಡೆಯುವೆನು ಎಂಬ ಮಾತನ್ನು ಪಾದ್ರಿಯ ಹೆಂಡತಿ ಹೇಳಿಸಿರಲಿಲ್ಲ.

"ಏಳು," ಎಂದಳು ಡಿಲಿಸ್. "ಕೆಳಗೆ ಹೋಗೋಣ. ಬಾಗಿಲು ಹಾಕಿಬಿಟ್ಟಾರು."

ಈ ಸಲ ಅವಳು ಒಂದೇ ಮಾತಿನಲ್ಲಿ ಮುಗಿಸಲಿಲ್ಲ. ಮಾರಿಸೆಲ್‌ಳ ಕಣ್ಣು ನೋಡಿಯೇ ಹೇಳಿದಳು: "ನೋಡಮ್ಮ, ನಾನು ಮದ್ಯ ಮುಟ್ಟೋದಿಲ್ಲ. ಚಿಕ್ಕವಳಿದ್ದಾಗ ದೇವರ ಮುಂದೆ ಮಾತು ಕೊಟ್ಟಿದ್ದೀನಿ. ನನಗೆ ಕಾಯಿಲೆ ಏನೂ ಇಲ್ಲ. ಇವಳು ನನ್ನ ಗಂಡನ ತಂಗಿ, ಇವಳು ಕುಡೀತಾಳೆ. ಇವಳಿಗೆ ಬೇಕಾದ್ದು ಇವಳಿಗೆ ಕೊಡು, ನನ್ನನ್ನ ಬಿಟ್ಟುಬಿಡು."

ಹಿಂದೆ ಸಾಲಿನಲ್ಲಿ ನಿಂತಿದ್ದವರು ಕಿವಿಗೊಟ್ಟರು. ನೆಸ್ಟಾ ಚಾವಣಿ ನೋಡಿದಳು. ಮಾರಿಸೆಲ್ ಮಾತ್ರ ನಗಲಿಲ್ಲ. ತನ್ನ ಅಜ್ಜಿಯೂ ಮಗ ಸಮುದ್ರದಿಂದ ಸುಖವಾಗಿ ಬರಲೆಂದು ಹರಕೆ ಹೊತ್ತು ಮಾಂಸ ಬಿಟ್ಟವಳು, ಹಬ್ಬದ ದಿನವೂ ಬಾಯಿಗೆ ಇಟ್ಟವಳಲ್ಲ ಎಂದಳು. ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದು, ಆಗುತ್ತದೆ ಮೇಡಂ, ನಿಮ್ಮನ್ನು ಬಿಟ್ಟು ಇವರಿಗೆ ಒಬ್ಬರಿಗೇ ಕೊಡಬಹುದು ಎಂದಳು.

ಈಗ ಎಲ್ಲರೂ ನೆಸ್ಟಾಳ ಕಡೆಗೆ ನೋಡಿದರು. ಅವಳು ಕನ್ನಡಕ ಹಾಕಿಕೊಂಡಳು. ಜಿನ್ನಿನ ಬೆಲೆ ನೋಡಿದಳು, ಪ್ಯಾಕೇಜಿನ ಬೆಲೆ ನೋಡಿದಳು, ತುಟಿ ಕುಣಿಸಿ ಏನೋ ಲೆಕ್ಕ ಹಾಕಿದಳು. ಅವಳ ಮುಖ ಇಳಿಯುತ್ತ ಬಂತು.

"ಕೊಟ್ಟ ದುಡ್ಡು ಗಿಟ್ಟಬೇಕಾದ್ರೆ ಬೆಳಿಗ್ಗೆ ಮೊಟ್ಟೆ ಜೊತೆಗೇ ಶುರು ಮಾಡ್ಬೇಕಲ್ಲ," ಎಂದಳು.

"ಅಷ್ಟೆಲ್ಲ ಕುಡೀಲೇಬೇಕು ಅಂತ ಇಲ್ಲ ಮೇಡಂ," ಎಂದಳು ಮಾರಿಸೆಲ್. "ನಿಮಗೆ ಎಷ್ಟು ಬೇಕೋ ಅಷ್ಟು."

"ದುಡ್ಡು ಕಟ್ಟಿ ಕುಡೀದೆ ಬಿಡೋದಾ? ಬೇಡ ತಾಯಿ. ಅದು ನನ್ನ ಕೈಲಾಗಲ್ಲ." ನೆಸ್ಟಾ ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟಳು. "ಇವಳಿಗೆ ಇವಳ ಚಾಪೆಲ್ ಇದ್ದ ಹಾಗೆ ನನಗೂ ಒಂದಿದೆ. ಸಂಜೆಗೆ ಒಂದು ಲೋಟ ಸಾಕು, ಆಗಿಂದಾಗ್ಗೆ ಕೊಟ್ಟು ಕುಡೀತೀನಿ."

ಹಾಗೆ ಅಷ್ಟೆಲ್ಲ ಓಡಾಡಿ ಯಾರೂ ಏನೂ ಕೊಳ್ಳಲಿಲ್ಲ. ಮಾರಿಸೆಲ್ ಇಬ್ಬರನ್ನೂ ಬಹಳ ಮರ್ಯಾದೆಯಿಂದ ಕಳಿಸಿಕೊಟ್ಟಳು.

ಹಡಗು ಹೊರಟಾಗ ಇಬ್ಬರೂ ಮೇಲೆ ಗಾಳಿಗೆ ಮರೆಯಾದ ಕಡೆ ಕಂಬಳಿ ಹೊದ್ದು ಕೂತಿದ್ದರು. ನೆಸ್ಟಾಳ ಮುಂದೆ ನಿಂಬೆಹೋಳು ತೇಲುವ ಜಿನ್ನು, ಡಿಲಿಸ್‌ಳ ಮುಂದೆ ಹಾಲು ಹಾಕಿದ ಚಹಾ. ನದಿ ಹಿಂದಾಗಿ ನೀರು ಅಗಲವಾಯಿತು. ಎಡಗಡೆ ದೂರದಲ್ಲಿ ವೇಲ್ಸಿನ ಬೆಟ್ಟಗಳ ಹಿಂದೆ ಸೂರ್ಯ ಇಳಿಯುತ್ತಿದ್ದ. ನೆಸ್ಟಾ ಒಂದೊಂದೇ ಗುಟುಕು ಕುಡಿಯುತ್ತ, ಅಣ್ಣ ಈ ಹಡಗಿನಲ್ಲಿದ್ದಿದ್ದರೆ ಏನೇನು ತಪ್ಪು ಕಂಡುಹಿಡಿಯುತ್ತಿದ್ದ ಎಂದು ಹೇಳತೊಡಗಿದಳು. ಹಗ್ಗ ಕಟ್ಟಿದ ರೀತಿ ಸರಿಯಿಲ್ಲ ಎನ್ನುತ್ತಿದ್ದ. ಚಹಾ ತೆಳ್ಳಗಿದೆ ಎನ್ನುತ್ತಿದ್ದ. ಕಪ್ತಾನನ ಗಡ್ಡ ನೋಡಿ, ಇವನು ನಮ್ಮ ಅಂಚೆಯವನ ತಮ್ಮನೇ ಎಂದು ಹೋಗಿ ಮಾತಾಡಿಸಿಬಿಡುತ್ತಿದ್ದ. ಡಿಲಿಸ್ ಚಹಾ ಆರಿದ್ದೂ ಗೊತ್ತಾಗದೆ ಕೇಳುತ್ತಿದ್ದಳು. ಬೇಕೆಂದಿದ್ದುದು ಇದೇ, ದೇವರು ಕೊಟ್ಟಿದ್ದ.

ಲೋಟ ಬರಿದಾದಾಗ ಡಿಲಿಸ್ ಚೀಲ ತೆಗೆದು ಒಂದು ಪೆಪ್ಪರ್‌ಮಿಂಟ್ ಚಾಚಿದಳು. ನೆಸ್ಟಾ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು.

"ಥೂ, ಜಿನ್ನಿನ ರುಚಿಯೆಲ್ಲ ಹೋಯ್ತು."

"ಅದಕ್ಕೇ ಅಲ್ವಾ ಕೊಟ್ಟಿದ್ದು."

ನೆಸ್ಟಾಳ ದವಡೆ ನಿಂತಿತು. ಅವಳು ಪೊಟ್ಟಣವನ್ನು ನೋಡಿದಳು, ಆಮೇಲೆ ಡಿಲಿಸ್‌ಳ ಮುಖ ನೋಡಿದಳು.

"ನೀನಾ?" ಎಂದಳು. "ಅವನ ಕೋಟಿಗೆ ತುಂಬಿಸ್ತಾ ಇದ್ದದ್ದು?"

ಡಿಲಿಸ್ ಸಮುದ್ರದ ಕಡೆ ನೋಡುತ್ತ ತಲೆಯಾಡಿಸಿದಳು.

"ಅಯ್ಯೋ ದೇವರೇ. ಅವನು ನಿನಗೆ ಗೊತ್ತೇ ಇಲ್ಲ ಅಂದ್ಕೊಂಡಿದ್ದ ಕಣೇ. ಹೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದ. ಈ ಜೇಬು ಬೈಬಲ್ಲಿನ ಎಲೀಯನ ಕಾಲದ ಆ ವಿಧವೆಯ ಎಣ್ಣೆ ಮೊಗೆ ಇದ್ದ ಹಾಗೆ ನೆಸ್ಟಾ, ತೆಗೆದಷ್ಟೂ ಇರತ್ತೆ, ಮುಗಿಯೋದೇ ಇಲ್ಲ ಅಂತಿದ್ದ. ನನಗೂ ಅದು ಸೋಜಿಗ ಅಂತಲೇ ಅನ್ನಿಸಿತ್ತು."

ಡಿಲಿಸ್ ಮೊದಲು ನಕ್ಕಳು. ಆಮೇಲೆ ಕಣ್ಣು ತುಂಬಿತು, ಆದರೂ ನಗು ನಿಲ್ಲಲಿಲ್ಲ. ಗಾಳಿ ಜೋರಾಯಿತು. ಅವಳು ಕಂಬಳಿಯ ತುದಿಯನ್ನು ನೆಸ್ಟಾಳ ಮೊಣಕಾಲಿನ ಮೇಲೂ ಎಳೆದು, ಪೊಟ್ಟಣವನ್ನು ಇಬ್ಬರ ನಡುವೆ ಇಟ್ಟಳು.

"ತಗೋ," ಎಂದಳು. "ಇನ್ನೂ ಇದೆ."