ಕುಂಕುಮದ ಗುರುತಿನ ಸೀಸದ ಅಂಗಿ

ನಾನು ಒಂದು ಸೀಸದ ಅಂಗಿ. ಆಸ್ಪತ್ರೆಯವರ ಬಾಯಲ್ಲಿ ಏಪ್ರನ್. ಸೀಸದ ಪುಡಿಯನ್ನು ರಬ್ಬರಿನಲ್ಲಿ ಕಲಸಿ, ಹಾಳೆ ಮಾಡಿ, ಮೇಲೆ ನೀಲಿ ಬಟ್ಟೆ ಹೊಲಿದು ನನ್ನನ್ನು ಹುಟ್ಟಿಸಿದರು. ಎಕ್ಸ್‌ರೇ ಕಿರಣ ಮೈಗೆ ತಾಗದಂತೆ ತಡೆಯುವುದು ನನ್ನ ಕಸುಬು. ತೂಕ ಐದು ಕಿಲೋ. ತೊಟ್ಟವರೆಲ್ಲ ಮೊದಲು ನನ್ನನ್ನು ಬೈಯುತ್ತಾರೆ, ಆಮೇಲೆ ಕೆಲಸಕ್ಕೆ ಹೋಗುತ್ತಾರೆ.

ಹುಬ್ಬಳ್ಳಿಯ ಒಂದು ಆಸ್ಪತ್ರೆ ಸೇರಿದೆ. ಎಕ್ಸ್‌ರೇ ಕೋಣೆಯ ಗುರುಪಾದಪ್ಪನವರು ನನ್ನನ್ನು ಯಾವಾಗಲೂ ನೇತುಹಾಕುತ್ತಿದ್ದರು. ಮಡಚಿದರೆ ಒಳಗಿನ ಹಾಳೆ ಒಡೆಯುತ್ತದೆ. ಅವರು ರಜೆಗೆ ಹೋದ ವಾರ ಯಾರೋ ಪುಣ್ಯಾತ್ಮರು ನನ್ನನ್ನು ಸೀರೆಯಂತೆ ನಾಲ್ಕು ಮಡಿಕೆ ಮಾಡಿ ಕಪಾಟಿಗೆ ತುರುಕಿದರು. ಎಡಗಡೆಯ ಅಂಚಿನಲ್ಲಿ ಒಳಗೊಳಗೇ ಬಿರುಕು ಬಿಟ್ಟಿತು. ಹೊರಗಿನ ಬಟ್ಟೆ ಮಾತ್ರ ಹೊಸದರಂತೆಯೇ ಇತ್ತು. ಬಾಯಿಲ್ಲದ ನಾನು ಯಾರಿಗೆ ಹೇಳಲಿ?

ಹೀಗಿರುವಾಗ ನೀಲಾಂಬಿಕಾ ಬಂದಳು. ಏಳು ತಿಂಗಳ ಬಸುರಿ, ಕೈತುಂಬ ಕುಪ್ಪಸದ, ಅಂದರೆ ಸೀಮಂತದ, ಹಸಿರು ಬಳೆ. ಕುಪ್ಪಸದ ದಿನವೇ ಪಕ್ಕೆ ನೋಯುತ್ತಿತ್ತಂತೆ. ಮಣೆಯ ಮೇಲೆ ಬಹಳ ಹೊತ್ತು ಕೂತದ್ದಕ್ಕೆ ಎಂದುಕೊಂಡಳು. ಮೂತ್ರದಲ್ಲಿ ರಕ್ತ ಕಂಡರೂ, ಶುಭಕಾರ್ಯ ಕೆಡಬಾರದೆಂದು ಬಾಯಿ ಬಿಡಲಿಲ್ಲ. ಮರುದಿನ ಹೊಸ್ತಿಲಲ್ಲೇ ಕುಸಿದಳು. ಸ್ಕ್ಯಾನಿನಲ್ಲಿ ಮೂತ್ರಪಿಂಡದ ಗಡ್ಡೆ ಕಂಡಿತು. ಕ್ಯಾನ್ಸರ್ ಅಲ್ಲ, ಕೊಬ್ಬು ಮತ್ತು ರಕ್ತನಾಳಗಳ ಗಡ್ಡೆ. ಆದರೆ ಅದರ ಒಂದು ನಾಳ ಒಡೆದು ಒಳಗೇ ರಕ್ತ ಸುರಿಯುತ್ತಿತ್ತು. ಎರಡು ದಿನ ಮಲಗಿಸಿ ರಕ್ತ ಕೊಟ್ಟು ಕಾದರು. ನಿಲ್ಲಲಿಲ್ಲ.

ತೊಡೆಯ ನಾಳದಿಂದ ಸಣ್ಣ ಕೊಳವೆ ತೂರಿಸಿ, ಒಡೆದ ನಾಳವನ್ನಷ್ಟೇ ಮುಚ್ಚೋಣ, ಮೂತ್ರಪಿಂಡ ತೆಗೆಯುವುದು ಬೇಡ ಎಂದರು ಡಾಕ್ಟರ್ ವೈಜಯಂತಿ. ಕೊಳವೆಯ ದಾರಿ ಕಾಣಲು ಎಕ್ಸ್‌ರೇ ಬೇಕೇ ಬೇಕು.

ಅತ್ತೆ ಕಲ್ಲವ್ವ ಬಾಗಿಲಿಗೆ ಅಡ್ಡ ನಿಂತಳು. "ಹೊಟ್ಟಿಯೊಳಗಿನ ಕೂಸಿನ ಗತಿ ಏನ್ರೀ?"

ಡಾಕ್ಟರು ಸುಳ್ಳು ಹೇಳಲಿಲ್ಲ. "ಸ್ವಲ್ಪ ತಾಗೇ ತಾಗ್ತದವ್ವಾ. ಕೂಸಿಗೆ ತ್ರಾಸ ಆಗೋವಷ್ಟಲ್ಲ. ಆದ್ರ ರಕ್ತ ನಿಲ್ಲಲಿಲ್ಲಂದ್ರ ಇಬ್ಬರೂ ಉಳಿಯೂದು ಕಷ್ಟ."

"ಇದನ್ನ ಕೂಸು ಇರೋ ಕಡೆ ಅಷ್ಟ ಹೊಟ್ಟಿ ಕೆಳಗ ಹಾಸ್ತೀವ್ರಿ, ಕಿರಣ ಕೆಳಗಿಂದನ ಬರ್ತಾವು," ಎಂದು ಗುರುಪಾದಪ್ಪ ನನ್ನನ್ನು ತೋರಿಸಿದರು.

ಕಲ್ಲವ್ವ ಜೀವಮಾನವಿಡೀ ಹಳೆ ಸೀರೆಗಳಿಂದ ಕೌದಿ ಹೊಲಿದವಳು. "ಬೆಳಕಿಗೆ ಹಿಡಿದು ನೋಡದ ನಾ ಯಾವ ಬಟ್ಟಿನೂ ನಂಬಂಗಿಲ್ಲ," ಎಂದು ನನ್ನನ್ನು ಕಿಟಕಿಗೆ ಹಿಡಿದಳು. ಕಿಟಕಿಯ ಬೆಳಕಿಗೆ ನಾನು ಏನನ್ನೂ ಬಿಟ್ಟುಕೊಡಲಿಲ್ಲ. ಆಗ ಗುರುಪಾದಪ್ಪ ಅವಳ ಕೀಲಿಕೈ ಗೊಂಚಲನ್ನು ನನ್ನ ಕೆಳಗಿಟ್ಟು ಎಕ್ಸ್‌ರೇ ತೆಗೆದರು. ಪರದೆಯ ಮೇಲೆ ಕೀಲಿಕೈ ಮಾಯ. ಅವರು ನಕ್ಕರು. ಕಲ್ಲವ್ವ ನಗಲಿಲ್ಲ.

"ಆ ಅಂಚಿನ ಮ್ಯಾಲೆ ಕರೀ ಗೆರಿ ಏನ್ರೀ ಅದು?"

ಗುರುಪಾದಪ್ಪನವರ ಮುಖ ಇಳಿದುಹೋಯಿತು. ಅಂಗಿಗಳ ವರ್ಷದ ಪರೀಕ್ಷೆಯನ್ನು ಅವರು ಆ ಸಲ ಮುಂದೂಡಿದ್ದರು. "ಒಳಗ ಒಡದೈತ್ರಿ. ತಪ್ಪು ನಂದು."

ಉಳಿದ ಅಂಗಿಗಳೆಲ್ಲ ಡಾಕ್ಟರು, ನರ್ಸುಗಳ ಮೈಮೇಲಿದ್ದವು; ಬೇರೆ ತರಿಸಲು ಹೊತ್ತಿರಲಿಲ್ಲ. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಲ್ಲವ್ವ ಹಣೆಯ ಕುಂಕುಮವನ್ನು ಬೆರಳಿಗೆ ತೆಗೆದು ಬಿರುಕಿನ ಉದ್ದಕ್ಕೂ ಎಳೆದಳು. "ಹಳೇ ಸೀರಿ ಹಿಂಗನ ಇರ್ತಾವು. ಈ ಕಡೆ ಕಾಲಿಗೆ ಬರ್ಲಿ, ಗಟ್ಟಿ ಇದ್ದದ್ದು ಕೂಸಿಗೆ." ಬಾಗಿಲು ಬಿಟ್ಟು ಸರಿದಳು.

ನಾನು ನೀಲಾಂಬಿಕಾಳ ಹೊಟ್ಟೆಯ ಕೆಳಗೆ ಮಲಗಿದೆ. ಅವಳ ನಡುಕವೆಲ್ಲ ನನಗೆ ತಾಗುತ್ತಿತ್ತು. ಡಾಕ್ಟರು ಕಿರಣವನ್ನು ಕ್ಷಣ ಬಿಡುವುದು, ನಿಲ್ಲಿಸುವುದು, ಕೊಳವೆ ಸರಿಸುವುದು. ಬಂದ ಕಿರಣವನ್ನು ನಾನು ಹಲ್ಲುಕಚ್ಚಿ ತಡೆದೆ. ಎಷ್ಟೋ ಹೊತ್ತಿನ ಮೇಲೆ ಡಾಕ್ಟರು, "ನಿಂತಿತು," ಎಂದರು. ಹಿಂದೆಯೇ ಕೂಸಿನ ಎದೆಬಡಿತ ಯಂತ್ರದಲ್ಲಿ ದಬದಬ ಕೇಳಿತು. ಅಬ್ಬಾ, ಹೋದ ಜೀವ ಬಂದಂತಾಯಿತು. ಹೊರಗೆ ಕಲ್ಲವ್ವ ನೆಲಕ್ಕೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳಂತೆ.

ದಿನ ತುಂಬಿದ ಮೇಲೆ ಹೆಣ್ಣು ಕೂಸು ಹುಟ್ಟಿತು. ನನ್ನನ್ನು ಕೆಲಸದಿಂದ ಬಿಡಿಸಿ ಸ್ಕ್ಯಾನ್ ಕೋಣೆಯ ಮೂಲೆಯ ಗೂಟಕ್ಕೆ ತೂಗುಹಾಕಿದರು. ಮಡಚಿದರೆ ಏನಾಗುತ್ತದೆಂದು ಹೊಸಬರಿಗೆ ತೋರಿಸಲು ನಾನೇ ಪಾಠ. ಕುಂಕುಮವನ್ನು ಒರೆಸಲು ಗುರುಪಾದಪ್ಪ ಯಾರಿಗೂ ಬಿಡಲಿಲ್ಲ.

ನೀಲಾಂಬಿಕಾ ವರ್ಷಕ್ಕೊಮ್ಮೆ ಗಡ್ಡೆ ತೋರಿಸಲು ಬರುತ್ತಾಳೆ. ಅದು ತೆಪ್ಪಗಿದೆ. ಈ ಸಲ ನಾಲ್ಕು ವರ್ಷದ ಮಗಳೂ ಅಜ್ಜಿ ಕಲ್ಲವ್ವನ ಕೈ ಹಿಡಿದು ಬಂದಿದ್ದಳು. ನನ್ನ ಅಂಚು ಹಿಡಿದು ಕೇಳಿದಳು: "ಆಯಿ, ಇದು ಯಾರ ಅಂಗಿ?"

"ನಿಂದವ್ವಾ," ಎಂದಳು ಕಲ್ಲವ್ವ. "ಹುಟ್ಟೂಕಿಂತ ಮೊದ್ಲ ಹಾಕ್ಕೊಂಡಿದ್ದಿ."

ಹುಡುಗಿ ಎರಡೂ ಕೈಯಿಂದ ನನ್ನನ್ನು ಎತ್ತಲು ನೋಡಿದಳು. ಆಗಲಿಲ್ಲ. ಸುಮ್ಮನೆ ತಬ್ಬಿಕೊಂಡು ನಿಂತಳು. ನನ್ನನ್ನು ಬೈಯದೆ ತೊಟ್ಟವಳು ಅವಳೊಬ್ಬಳೇ.