ಇಪ್ಪತ್ತೆಂಟರಲ್ಲಿ ಮೂರು

ಸರಪಳಿ ಸುತ್ತಿಗೊಂದು ಸಲ ಟಕ್ ಎನ್ನುತ್ತಿದೆ, ಎಣ್ಣೆ ಬಿಡಬೇಕಿತ್ತು, ಟಕ್, ದೇಶನೂರಿನ ದಾರಿ ಮಧ್ಯಾಹ್ನದ ಬಿಸಿಲಿಗೆ ಬೆಳ್ಳಗೆ ಕಣ್ಣಿಗೆ ಹೊಡೆಯುತ್ತಿದೆ, ಜಯತೀರ್ಥ ಪೆಡಲು ತುಳಿಯುತ್ತಲೇ ಲೆಕ್ಕ ಹಾಕುತ್ತಿದ್ದಾನೆ — ಜೋಗಮ್ಮ ದವಾಖಾನೆ ಬಿಟ್ಟು ಅರ್ಧ ಗಂಟೆ, ಕಂಕುಳಲ್ಲಿ ಮೊಮ್ಮಗಳು, ಗಂಟೆಗೆ ಎರಡು ಮೈಲಿಯ ಮೇಲೆ ಮುದುಕಿ ನಡೆಯಲಾರಳು, ಅಂದರೆ ಒಂದು ಮೈಲಿ ಮುಂದಿದ್ದಾಳೆ, ಈ ಮಣ್ಣಿನಲ್ಲಿ ಸೈಕಲ್ಲು ಗಂಟೆಗೆ ಆರು, ಆರರಲ್ಲಿ ಎರಡು ಹೋದರೆ ನಾಲ್ಕು, ಒಂದನ್ನು ನಾಲ್ಕರಿಂದ ಭಾಗಿಸು, ಕಾಲು ಗಂಟೆ, ಕಾಲು ಗಂಟೆಗೆ ಸಿಕ್ಕೇ ಸಿಗುತ್ತಾಳೆ, ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇದೆ, ಕೂಸಿಗೆ ಪುಡಿ ಹಾಕಿದ್ದರೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರಾಯಿತು, ಹಾಕಿರಲಾರಳು, ಮನೆ ಮುಟ್ಟಿದ ಮೇಲೆ ಹಾಕುತ್ತಾಳೆ, ಯಾರಾದರೂ ದಾರಿಯಲ್ಲಿ ಹಾಕುತ್ತಾರೆಯೇ. ಒಂಬತ್ತು ವರ್ಷದ ಕಂಪೌಂಡರಿಕೆ, ಓದಿ ಕಲಿತದ್ದಲ್ಲ, ನೋಡಿ ನೋಡಿ ಕೈಗೆ ಬಂದದ್ದು, ಡಾಕ್ಟರ್ ಗುರುರಾಜರು ಕ್ಯಾಲೆಂಡರಿನ ಬೆನ್ನಿಗೆ ಬರೆದು ತೋರಿಸಿದ್ದರು, ವಯಸ್ಸು ಮ್ಯಾಲೆ ಬರಿ, ಕೆಳಗ ಅದೇ ವಯಸ್ಸಿಗೆ ಹನ್ನೆರಡು ಕೂಡಿಸಿ ಬರಿ, ದೊಡ್ಡವರ ಪುಡಿಯೊಳಗ ಅಷ್ಟು ಪಾಲು ಕೂಸಿಂದು, ತಿಳಿಯದ್ದು ಬಂದ್ರ ಕ್ಷ ಅಂತ ಇಟ್ಕೋ, ಹೆದರಬ್ಯಾಡ. ಅವರು ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಹೋದರು, ದವಾಖಾನೆ ಇವನ ಕೈಯಲ್ಲಿ. ವಯಸ್ಸೆಷ್ಟವ್ವಾ ಕೂಸಿಗೆ? ನಾಕು, ಬರ್ಕೊಳ್ರಿ ಸ್ವಾಮಿ. ನಾಲ್ಕು, ನಾಲ್ಕಕ್ಕೆ ಹನ್ನೆರಡು ಕೂಡಿದರೆ ಹದಿನಾರು, ಹದಿನಾರರಲ್ಲಿ ನಾಲ್ಕು ಅಂದರೆ ಕಾಲು ಭಾಗ, ಜಂತುಹುಳದ ಪುಡಿ ಕಾಲು ಪಾಲು ತೂಗಿ ಮಡಿಸಿ ಕೊಟ್ಟ, ಲೆಕ್ಕದಲ್ಲಿ ಕೂದಲೆಳೆಯ ತಪ್ಪಿಲ್ಲ.

ತಪ್ಪಿಲ್ಲ ಅಂತಲೇ ಕೈ ತೊಳೆದುಕೊಂಡು ಕೂತಿದ್ದ, ಕಸ ಗುಡಿಸುವ ಅಂಬಮ್ಮ ಪೊರಕೆ ನಿಲ್ಲಿಸಿ ನಕ್ಕಳು, ನಾಕಾ? ಜೋಗಮ್ಮನ ಮೊಮ್ಮಗಳು ಊರಮ್ಮಗ ನಾಕು ಅಂತ ಯಾರ್ ಹೇಳಿದ್ರಿ? ಅವ್ರಕ್ಕ ನನ್ ಮಗಳ ಜೋಡಿ ಹುಟ್ಟಿದಾಕಿ, ಎಂಟು ಆಕಿಗೆ, ಈಕಿ ಆಕಿಗಿಂತ ಆರು ವರ್ಷ ಸಣ್ಣಾಕಿ, ನಡುವ ಎಲ್ಡು ಕೂಸು ಮಣ್ಣಾಗ್ಹೋದ್ವು. ಕೂಸಿನ ವಯಸ್ಸು ಕ್ಷ, ಕ್ಷಕ್ಕೆ ಆರು ಕೂಡಿದರೆ ಎಂಟು, ಆರನ್ನು ಆ ಕಡೆ ಒಯ್ದು ಕಳೆ, ಕ್ಷ ಅಂದರೆ ಎರಡು. ಎರಡು! ಟಕ್. ಎರಡಕ್ಕೆ ಹನ್ನೆರಡು, ಹದಿನಾಲ್ಕು, ಹದಿನಾಲ್ಕರಲ್ಲಿ ಎರಡು, ಏಳರಲ್ಲಿ ಒಂದು, ಕಾಲು ಭಾಗದಿಂದ ಅದನ್ನು ಕಳೆಯಬೇಕಾದರೆ ಕೆಳಗೆ ಇಪ್ಪತ್ತೆಂಟು ಮಾಡಿಕೊ, ಏಳರಲ್ಲಿ ನಾಲ್ಕು ಹೋಗಿ ಮೂರು, ಇಪ್ಪತ್ತೆಂಟರಲ್ಲಿ ಮೂರು ಪಾಲು ಹೆಚ್ಚು, ಅಷ್ಟೇ ಅಲ್ಲವೇ, ಚಿಟಿಕೆಯೂ ಅಲ್ಲ — ಅಲ್ಲ, ಅಷ್ಟೇ ಅಲ್ಲ, ಎರಡು ವರ್ಷದ ಕೂಸಿಗೆ ಪಾಲೇ ಇಲ್ಲ, ಬೆಳಿಗ್ಗೆ ಬೇರೊಬ್ಬಾಕೆಗೆ ಇವನೇ ಕೂಗಿ ಹೇಳಿದ್ದ, ಮೂರರ ಕೆಳಗ ಈ ಪುಡಿ ಕೊಡಂಗಿಲ್ಲವ್ವಾ, ವಿಷ ಆಗ್ತತಿ, ಬಳ್ಳಾರಿಗೆ ಕರ್ಕೊಂಡು ಹೋಗು. ಮೆಟ್ಟಿಲ ಕೆಳಗೆ ನಿಂತು ಜೋಗಮ್ಮ ಕೇಳಿಸಿಕೊಂಡಿದ್ದಳು. ಬಳ್ಳಾರಿಗೆ ಹೋಗಲಾರದವಳು ನಾಲ್ಕು ಅಂದಳು. ಮುದುಕಿ ಸುಳ್ಳು ಹೇಳಿದಳು, ಇವನದೇನು ತಪ್ಪು, ಬರೆದುಕೋ ಅಂದದ್ದನ್ನು ಬರೆದುಕೊಂಡ. ಬೇರೆ ಯಾರದೇ ಕೂಸಾಗಿದ್ದರೆ ಬಾರವ್ವಾ ಪುಟ್ಟಿ, ಬಾಯಿ ತೆಗಿ ಅಂತ ಎತ್ತಿಕೊಳ್ಳುತ್ತಿದ್ದ, ಎತ್ತಿದರೆ ತೋಳೇ ತೂಕ ಹೇಳುತ್ತದೆ, ಬಾಯಿ ತೆರೆದರೆ ಹಲ್ಲೇ ವಯಸ್ಸು ಹೇಳುತ್ತದೆ. ಅವರ ಕೇರಿಯವರು ಮೆಟ್ಟಿಲು ಹತ್ತುವುದಿಲ್ಲ, ಇವನೂ ಇಳಿಯಲಿಲ್ಲ, ಮೂರೇ ಮೆಟ್ಟಿಲು, ಒಡ್ಡಿದ ಸೆರಗಿಗೆ ಮೇಲಿನಿಂದ ಪೊಟ್ಟಣ ಬಿಟ್ಟ. ಕೂಸು ಸೆರಗಿನೊಳಗಿತ್ತು, ಹೊರಗೆ ಕಂಡದ್ದು ಒಂದೇ ಪಾದ, ಕಪ್ಪು ದಾರ ಕಟ್ಟಿದ್ದು. ಪಾದ ಎಷ್ಟುದ್ದ ಇತ್ತು? ಕುರುಗೋಡಿನಲ್ಲಿ, ಮಾವನ ಮನೆಯಲ್ಲಿ, ತನ್ನ ಮಗಳು ತಿರುಮಲಮ್ಮನ ಪಾದವನ್ನು ಅಂಗೈಯಲ್ಲಿ ಇಟ್ಟುಕೊಂಡು ಮುಚ್ಚಿದ್ದ, ಅಪ್ಪಾ ನನ್ ಕಾಲು ಎಲ್ಲಿ ಅಂತ ನಕ್ಕಿತ್ತು, ಅದಕ್ಕೆ ಆಗಷ್ಟೇ ಎರಡು ತುಂಬಿತ್ತು.

ನೀರು ಕೊಡ್ರಿ ಸ್ವಾಮಿ, ಈಗಿಂದೀಗ ಹಾಕಿಬಿಡ್ತೀನಿ — ಅಂದಿದ್ದಳಲ್ಲ, ಅಂದಿದ್ದಳು! ಗಡಿಗಿ ಹತ್ರ ಬರಬ್ಯಾಡ, ದಾರ್ಯಾಗ ಕಾಲುವಿ ಐತಿ, ಅಲ್ಲೇ ಕುಡಿಸು, ಅಂದವನು ಇವನೇ. ನಡಿಯವ್ವಾ ಊರಿ, ಕಾಲುವಿ ಏನೂ ಕೇಳಂಗಿಲ್ಲ, ಅಂತ ಕೂಸಿಗೆ ಹೇಳಿದಂತೆ ಇವನಿಗೆ ಹೇಳಿ ಹೋದಳು. ಕಾಲುವೆ ಅರ್ಧ ಮೈಲಿ, ಗಂಟೆಗೆ ಎರಡರಂತೆ ಕಾಲು ಗಂಟೆ, ಇವನು ಸೈಕಲ್ಲು ಹತ್ತುವುದಕ್ಕೂ ಕಾಲು ಗಂಟೆ ಮೊದಲೇ ಅವಳು ನೀರಿನ ಬಳಿ ಇದ್ದಳು, ಇನ್ನು ಯಾವುದನ್ನು ಯಾವುದರಿಂದ ಕಳೆಯುವುದು. ಟಕ್ ನಿಂತಿತು. ಕಾಲುವೆಯ ಅಂಚಿನಲ್ಲಿ ತಾನು ಮಡಿಸಿದ ಕಾಗದ ಬಿಚ್ಚಿಬಿದ್ದಿದೆ, ಬರಿದು, ಮಡಿಕೆಯಲ್ಲಿ ಕೂಡ ಪುಡಿ ಉಳಿದಿಲ್ಲ, ನೆಕ್ಕಿಸಿದ್ದಾಳೆ. ಹಸಿಮಣ್ಣಿನಲ್ಲಿ ಮುದುಕಿಯ ಹೆಜ್ಜೆ, ಪಕ್ಕದಲ್ಲಿ ಕೂಸನ್ನು ಇಳಿಸಿ ನಿಲ್ಲಿಸಿದ್ದಾಳೆ, ಒಂದು ಸಣ್ಣ ಪಾದ, ಐದು ಬೆರಳು ಬಿಡಿಬಿಡಿಯಾಗಿ. ಬಗ್ಗಿ ಅದರ ಮೇಲೆ ಅಂಗೈ ಇಟ್ಟ. ಮುಚ್ಚಿಹೋಯಿತು. ಏಳು ಜಯತೀರ್ಥ, ಇನ್ನು ಹತ್ತೇ ನಿಮಿಷ, ಉಪ್ಪು ಇದೆ, ಏಳು — ಮಣ್ಣು ತಣ್ಣಗಿದೆ, ಅಂಗೈ ಏಳುತ್ತಿಲ್ಲ, ಅದರ ಕೆಳಗೆ ಪಾದ, ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಪೂರಾ ಮುಚ್ಚಿಹೋದ ಪಾದ